ಗೋಡೌನಿನ ಬಾಣಂತಿ

ಆ ಬೆಕ್ಕು ನಮ್ಮ ಮನೆಗೆ ಬಂದಾಗ ಅದರ ಹಿಂಗಾಲಿನ ಮೇಲೆ ಅರ್ಧ ಒಣಗಿದ ಗಾಯವೊಂದಿತ್ತು. ನಾಯಿ ಕಚ್ಚಿದ್ದೋ, ಮುಂಗುಸಿ ಕಚ್ಚಿದ್ದೋ, ಬೇಲಿಯ ತಂತಿ ತರಚಿದ್ದೋ ಯಾರಿಗೂ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಬೇಕು ಅಂತ ಯಾರಿಗೂ ಅನ್ನಿಸಲೂ ಇಲ್ಲ. ನಮ್ಮೆಲ್ಲರ ಕಣ್ಣು ಬಿದ್ದದ್ದು ಅದರ ಹೊಟ್ಟೆಯ ಮೇಲೆ. ಎರಡೂ ಪಕ್ಕೆ ಉಬ್ಬಿ, ನಡೆದರೆ ಹೊಟ್ಟೆ ನೆಲಕ್ಕೆ ತಾಗುವ ಹಾಗಿತ್ತು.

ನಾನೂ ಆಗ ಬಸುರಿ. ಮದುವೆಯಾಗಿ ಆಂಧ್ರದ ಗಡಿಯೂರು ರಾಯದುರ್ಗಕ್ಕೆ ಬಂದು ಕೆಲವು ವರ್ಷ ಕಾದ ಮೇಲೆ ನಿಂತ ಬಸಿರು. ನನ್ನ ತವರು ಮಡಕಶಿರಾದ ಆಚೆ, ಅಗಳಿ ಎಂಬ ಊರಿಗೆ ಹತ್ತಿರದ ಒಂದು ಹಳ್ಳಿ. ಗಂಡನ ಮನೆಯವರದು ಅಜ್ಜನ ಕಾಲದಿಂದ ಬಂದ ಕಿರಾಣಿ ಅಂಗಡಿ. ಕೋಟೆ ಬೆಟ್ಟದ ಬುಡದ ಓಣಿಯಲ್ಲಿ ಮುಂದೆ ಅಂಗಡಿ, ಹಿಂದೆ ಮನೆ, ಎರಡರ ನಡುವೆ ಅಕ್ಕಿ, ಬೇಳೆ, ಬೆಲ್ಲದ ಮೂಟೆ ಪೇರಿಸುವ ಒಂದು ಕತ್ತಲೆ ಕೋಣೆ. ಅದನ್ನು ಗೋಡೌನು ಎನ್ನುತ್ತಿದ್ದೆವು. ಮಾವ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿದ್ದದ್ದು ನಾನು, ನನ್ನ ಗಂಡ, ಅತ್ತೆ.

ಗಂಡನಿಗೆ ಬೆಕ್ಕು ಕಂಡರೆ ಆಗದು. ಕೂದಲು ಹಾರಿದರೆ ಸೀನು ಬರುತ್ತಿತ್ತು. ಅಂಗಡಿಯ ತಕ್ಕಡಿಯ ಪಕ್ಕ ಬಂದು ಕೂತ ಅದನ್ನು ಪೊರಕೆ ಹಿಡಿದು ಅಟ್ಟಲು ಹೋದಾಗ ಅತ್ತೆ ಒಳಗಿನಿಂದ ಬಂದು ಅಡ್ಡ ನಿಂತರು.

"ಬಸುರಿ ಅದಾಳ, ಕಣ್ಣು ಕಾಣಂಗಿಲ್ಲೇನು? ಮನ್ಯಾಗ ಒಬ್ಬಾಕಿ ಬಸುರಿ ಇದ್ದಾಗ ಬಾಗಲಿಗೆ ಬಂದ ಇನ್ನೊಬ್ಬಾಕಿನ್ನ ಹೊಡದು ಓಡಿಸ್ತಾರೇನು?"

"ಯವ್ವಾ, ಅದು ಬೆಕ್ಕು."

"ಬೆಕ್ಕಾದ್ರೇನು, ಹಡೆಯೋದು ಹಡೆಯೋದ."

ಗಂಡ ಪೊರಕೆ ಕೆಳಗಿಟ್ಟ. "ಇಲಿಗಾದ್ರೂ ಆಗ್ತಾಳ, ಇರ್ಲಿ ಬಿಡು" ಅಂದ. ಗೋಡೌನಿನಲ್ಲಿ ಇಲಿಯ ಕಾಟ ವಿಪರೀತವಾಗಿತ್ತು.

ಅತ್ತೆ ಓಣಿಗೆಲ್ಲ ಬೇಕಾದವರು. ಯಾರ ಮನೆಯಲ್ಲಿ ಹೆರಿಗೆಯಾದರೂ ಕೂಸಿಗೆ ಎಣ್ಣೆ ಹಚ್ಚಿ ಎರೆಯಲು ಅವರನ್ನೇ ಕರೆಯುತ್ತಿದ್ದರು. ಬೆಳಗ್ಗೆ ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟರೆಂದರೆ ಅವತ್ತು ಎಲ್ಲೋ ಒಂದು ಕೂಸಿಗೆ ಸ್ನಾನ ಎಂದು ಅರ್ಥ. ಸಣ್ಣ ದೇಹ, ದೊಡ್ಡ ಅಂಗೈ. ಆ ಕೈಯಲ್ಲೇ ಬೆಕ್ಕಿನ ಗಾಯವನ್ನು ಬಿಸಿನೀರಲ್ಲಿ ತೊಳೆದು ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿದರು. ಬೇರೆ ಯಾರನ್ನೂ ಹತ್ತಿರ ಬಿಟ್ಟುಕೊಳ್ಳದ ಬೆಕ್ಕು ಅವರ ತೊಡೆಯ ಮೇಲೆ ಕಣ್ಣು ಮುಚ್ಚಿ ಮಲಗಿತು. ಕೆಲವು ದಿನಗಳಲ್ಲಿ ಗಾಯ ಮಾಯಿತು. ಕೂದಲು ಬೆಳೆದು ಅಲ್ಲೊಂದು ಗಾಯವಿತ್ತೆಂಬುದೇ ಮರೆತುಹೋಯಿತು.

ಅದು ಮರಿ ಹಾಕಿದ್ದು ಒಂದು ಮಧ್ಯಾಹ್ನ. ಬೆಲ್ಲದ ಮೂಟೆಗಳ ಸಂದಿಯಲ್ಲಿ ಹರಿದ ಗೋಣಿಚೀಲಗಳನ್ನು ತುಂಬಿಟ್ಟ ಒಂದು ಬಿದಿರ ಬುಟ್ಟಿಯಿತ್ತು. ಚೀಲ ತೆಗೆಯಲು ಹೋದ ನನ್ನ ಗಂಡನಿಗೆ ಒಳಗಿನಿಂದ ಕೀಚು ದನಿ ಕೇಳಿತು. ಬಗ್ಗಿ ನೋಡಿದರೆ ನಾಲ್ಕು ಮರಿ. ಎರಡು ತಾಯಿಯ ಹಾಗೆ ಬೂದು ಪಟ್ಟೆಯವು, ಒಂದು ಕರಿ, ಒಂದು ಕಂದು. ಒದ್ದೆ ಮೈ, ಮುಚ್ಚಿದ ಕಣ್ಣು, ತಲೆಗೆ ಅಂಟಿಕೊಂಡ ಕಿವಿ. ಅತ್ತೆ ಓಡಿಬಂದರು. ಬೆಕ್ಕು ಒಂದೊಂದನ್ನೇ ನೆಕ್ಕಿ ಒಣಗಿಸುವುದನ್ನು ನಾವು ಮೂವರೂ ನೋಡಿದೆವು.

ಆಮೇಲೆ ಶುರುವಾಯಿತು ಬಾಣಂತನ. ಅತ್ತೆ ಬುಟ್ಟಿಗೆ ಗಾಳಿ ತಾಗದಂತೆ ಗೋಣಿಯ ಪರದೆ ಕಟ್ಟಿದರು. ಗೋಣಿ ಚುಚ್ಚುತ್ತದೆಂದು ತಮ್ಮ ಹಳೆಯ ಇಳಕಲ್ ಸೀರೆಯ ತುಂಡು ಹಾಸಿದರು. ತಣ್ಣನೆ ಹಾಲು ಕೊಡಬಾರದು, ಬೆಚ್ಚಗೆ ಮಾಡಿ ಕೊಡಬೇಕು. ಹೊತ್ತು ಹೊತ್ತಿಗೆ ತುಪ್ಪ ಸವರಿದ ಮೆತ್ತನೆ ಅನ್ನ. ಅಂಗಡಿಗೆ ಬಂದವರು ಮರಿ ನೋಡುತ್ತೇವೆಂದರೆ ಒಳಗೆ ಬಿಡುತ್ತಿರಲಿಲ್ಲ. "ಬ್ಯಾಡ್ರಿ, ಹಸಿ ಬಾಣಂತಿ, ಕಣ್ಣು ತಾಗ್ತಾವ" ಎಂದು ಬಾಗಿಲಲ್ಲೇ ತಡೆಯುತ್ತಿದ್ದರು.

ನನಗೆ ಮಾತ್ರ ಒಳಗೆ ಪ್ರವೇಶವಿತ್ತು. ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಕಡಿಮೆಯಾದಾಗ ಒಂದು ಮಣೆ ಹಾಕಿಕೊಂಡು ಬುಟ್ಟಿಯ ಮುಂದೆ ಕೂರುತ್ತಿದ್ದೆ. ಬೆಲ್ಲದ ವಾಸನೆಯಲ್ಲಿ ಹಾಲಿನ ವಾಸನೆ ಕಲೆತಿರುತ್ತಿತ್ತು. ಮರಿಗಳು ಮುಂಗಾಲಲ್ಲಿ ತಾಯಿಯ ಹೊಟ್ಟೆಯನ್ನು ಒತ್ತಿ ಒತ್ತಿ ಹಾಲು ಕುಡಿಯುತ್ತಿದ್ದವು. ನನ್ನ ಹೊಟ್ಟೆಯೊಳಗಿನದೂ ಆ ಹೊತ್ತಿಗೇ ಒದೆಯುತ್ತಿತ್ತು. ಬೆಕ್ಕು ಆಗಾಗ ಕತ್ತೆತ್ತಿ ನನ್ನ ಬೆರಳನ್ನು ನೆಕ್ಕುತ್ತಿತ್ತು. ಅದರ ನಾಲಿಗೆಯ ಒರಟು ನನಗೆ ಇಷ್ಟವಾಗುತ್ತಿತ್ತು. ಈಗ ಅದನ್ನು ನೆನೆದರೆ ಆ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತೇನೆ.

ಮರಿಗಳ ಕಣ್ಣು ಸೀಳುಸೀಳಾಗಿ ಬಿಡತೊಡಗಿದ ದಿನಗಳಲ್ಲೇ ತಾಯಿ ಬದಲಾಯಿತು.

ಒಂದು ಬೆಳಗ್ಗೆ ಅದು ಬುಟ್ಟಿ ಬಿಟ್ಟು ಬಂದು ಹಿತ್ತಲಿನ ನಡುವೆ ಸುಡುಬಿಸಿಲಲ್ಲಿ ಕೂತಿತ್ತು. ಒಳಗೆ ಮರಿಗಳು ಹಸಿದು ಅರಚುತ್ತಿದ್ದವು. ಅದಕ್ಕೆ ಕೇಳಿಸಿದ ಹಾಗೇ ಇರಲಿಲ್ಲ. ಗೋಡೆಯನ್ನು ನೋಡುತ್ತಿತ್ತು. ಗೋಡೆಯ ಮೇಲೆ ಏನೂ ಇರಲಿಲ್ಲ. ಅಷ್ಟು ಬಿಸಿಲಲ್ಲೂ ಕಣ್ಣಿನ ಕಪ್ಪು ಅಗಲವಾಗಿ ತೆರೆದುಕೊಂಡಿತ್ತು. ಅತ್ತೆ ಅದನ್ನು ಎತ್ತಿಕೊಂಡು ಹೋಗಿ ಬುಟ್ಟಿಯಲ್ಲಿ ಬಿಟ್ಟರು. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದು ಬಂದು ಮೂಟೆಗಳ ಹಿಂದೆ, ಕೈಗೆ ಸಿಗದ ಜಾಗದಲ್ಲಿ ಸೇರಿಕೊಂಡಿತು. ಅಲ್ಲಿಂದ ಒಂದು ದನಿ ಬಂತು. ಬೆಕ್ಕಿನ ದನಿ ಅನ್ನಿಸಲಿಲ್ಲ. ಗಂಟಲು ಕಟ್ಟಿದ ಮನುಷ್ಯರು ಯಾರನ್ನೋ ಕರೆಯಲು ಹೋಗಿ ಆಗದೆ ನಿಲ್ಲಿಸಿದ ಹಾಗಿತ್ತು.

"ಯಾರ ಕಣ್ಣು ಬಿತ್ತೋ ಏನೋ" ಎಂದು ಅತ್ತೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮೆಣಸಿನಕಾಯಿ ಸುಟ್ಟರೂ ಘಾಟು ಬರಲಿಲ್ಲ. ದೃಷ್ಟಿಯೇ ಆಗಿದೆ ಎಂದು ಅವರಿಗೆ ಖಾತ್ರಿಯಾಯಿತು. ನನಗೂ ಹಾಗೇ ಅನ್ನಿಸಿತು.

ಮರುದಿನ ಅತ್ತೆಯ ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಕೇಳಿದರೆ, "ಈಳಿಗಿ ತಾಗ್ತು ಬಿಡು" ಅಂದರು.

ಅವತ್ತು ನಾನೇ ತಟ್ಟೆಯಲ್ಲಿ ಹಾಲು ಇಟ್ಟೆ. ಬೆಕ್ಕು ತೂರಾಡುತ್ತ ಬಂತು. ಹಸಿವಿತ್ತು ಅದಕ್ಕೆ, ಅದು ಕಾಣುತ್ತಿತ್ತು. ಹಾಲಿಗೆ ಬಾಯಿ ಹಾಕಿತು. ನೆಕ್ಕಿದ ಹಾಲು ಬಾಯಿಯ ಪಕ್ಕದಿಂದ ಹಾಗೇ ಹೊರಗೆ ಸುರಿಯಿತು. ಮತ್ತೆ ಬಾಯಿ ಹಾಕಿತು, ಮತ್ತೆ ಸುರಿಯಿತು. ಗದ್ದದಿಂದ ಜೊಲ್ಲು ನೂಲಿನ ಹಾಗೆ ಇಳಿಯುತ್ತಿತ್ತು. ಆಗ ಅದು ತಲೆಯೆತ್ತಿ ನನ್ನನ್ನು ನೋಡಿದ ರೀತಿಗೆ ನಾನು ಮಣೆಯನ್ನು ಅಲ್ಲೇ ಬಿಟ್ಟು ಎದ್ದು ಬಂದೆ. ಅಷ್ಟು ದಿನ ನನ್ನ ಕೈ ನೆಕ್ಕಿದ ಪ್ರಾಣಿಗೆ ನನ್ನ ಗುರುತು ಸಿಗುತ್ತಿರಲಿಲ್ಲ.

ಗಂಡನಿಗೆ ಹೇಳಿದೆ. "ನಾಳಿ ದನದ ದವಾಖಾನಿಗೆ ಒಯ್ಯತೀನಿ" ಅಂದ.

ಆ ನಾಳೆಯ ಬೆಳಗ್ಗೆ ಅಂಗಡಿಗೆ ಮಾಲು ಬಂದು ಅವನಿಗೆ ಬಿಡುವಾಗಲಿಲ್ಲ. ಮಧ್ಯಾಹ್ನ ಗೋಡೌನಿನಿಂದ ಒಂದು ಮರಿಯ ಕಿರುಚಾಟ ಕೇಳಿತು. ಹಸಿವಿನ ಕೂಗು ಹಾಗಿರುವುದಿಲ್ಲ. ನಾನು ಓಡಿದೆ. ಬೆಕ್ಕು ಬುಟ್ಟಿಯಲ್ಲೇ ಇತ್ತು. ಕಂದು ಮರಿಯ ಕತ್ತನ್ನು ಬಾಯಲ್ಲಿ ಹಿಡಿದಿತ್ತು. ತಾಯಿ ಬೆಕ್ಕು ಮರಿಯನ್ನು ಕಚ್ಚಿಕೊಂಡು ಜಾಗ ಬದಲಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಇದು ಬೇರೆ. ಹಲ್ಲು ಒಳಗಿಳಿದಿತ್ತು. ಯೋಚಿಸದೆ ಕೈ ಚಾಚಿದೆ. ಮರಿಯನ್ನು ಬಿಟ್ಟು ಅದು ನನ್ನ ಮುಂಗೈಗೆ ಹಾರಿತು. ಕಚ್ಚಿ ಬಿಡಲಿಲ್ಲ, ಕಚ್ಚಿಕೊಂಡೇ ನೇತಾಡಿತು. ನಾನು ಕೈ ಒದರಿದಷ್ಟೂ ಇನ್ನೂ ಬಿಗಿ.

ಗಂಡ ಬಂದು ಖಾಲಿ ಚೀಲವನ್ನು ಅದರ ಮೇಲೆ ಹಾಕಿ ಅದುಮಿದ ಮೇಲೆ ಬಿಟ್ಟಿತು. ಅತ್ತೆ ಉಳಿದ ಮರಿಗಳ ಬುಟ್ಟಿಯನ್ನು ಕಾಲಿನಿಂದಲೇ ಹೊರಗೆ ತಳ್ಳಿದರು. ಗಂಡ ಬಾಗಿಲೆಳೆದು ಚಿಲಕ ಹಾಕಿದ. ಒಳಗೆ ಆ ಬೆಕ್ಕು, ಸತ್ತ ಒಂದು ಮರಿ, ನಮ್ಮ ಅಂಗಡಿಯ ಎಲ್ಲ ಮಾಲು.

ಆಶಾ ಕಾರ್ಯಕರ್ತೆಯೊಬ್ಬರು ಹಿಂದೆ ಹೇಳಿದ್ದು ನೆನಪಾಗಿ ನಲ್ಲಿಯ ಕೆಳಗೆ ಕೈ ಹಿಡಿದು ಸೋಪು ಹಚ್ಚಿ ತೊಳೆಯುತ್ತ ನಿಂತೆ. ಅತ್ತೆ ಸುಣ್ಣದ ಡಬ್ಬಿ ತಂದಿದ್ದರು. "ಸುಣ್ಣ ಹಚ್ಚು, ವಿಷ ಎಳಿತೈತಿ" ಅಂದರು. ಗಂಡ ಬೇಡವೆಂದ. ಅವರು ಡಬ್ಬಿ ಹಿಡಿದೇ ನನ್ನ ಮುಂಗೈಯಿಂದ ಹರಿಯುವ ನೀರನ್ನು ನೋಡುತ್ತ ನಿಂತರು. ಮುಖ ಬೂದಿಯ ಹಾಗಾಗಿತ್ತು. ನನ್ನ ಮೇಲಿನ ಕಾಳಜಿ ಅದು ಅಂದುಕೊಂಡೆ.

ಸರ್ಕಾರಿ ಆಸ್ಪತ್ರೆಯಲ್ಲಿ 'ಕುಕ್ಕ ಕಾಟು' ಎಂದು ತೆಲುಗಿನಲ್ಲಿ ಬರೆದ ಕೋಣೆಯ ಮುಂದೆ ಕೂತೆವು. ನಾಯಿ ಕಚ್ಚಿದವರಿಗೆ ಸೂಜಿ ಹಾಕುವ ಕೋಣೆ ಅದು. ವೈದ್ಯೆ ನಡುವಯಸ್ಸಿನವರು, ತೆಲುಗಿನವರು. ಗಾಯ ನೋಡಿ, ಬೆಕ್ಕು ಹೇಗಿದೆ ಎಂದು ಕೇಳಿದರು. ಹಾಲು ಸುರಿದುಹೋದದ್ದನ್ನು ಹೇಳಿದಾಗ ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಬೆಕ್ಕಿಗೆ ಹುಚ್ಚು ಹಿಡಿದಿದೆ ಎಂದು ಆ ನೋಟದಲ್ಲೇ ನನಗೆ ತಿಳಿಯಿತು.

"ಬಸುರಿಗೆ ಸೂಜಿ ಹಾಕಬಹುದೇನ್ರಿ? ಕೂಸಿಗೆ ಏನಾರ ಆದ್ರ?" ಎಂದು ಅತ್ತೆ ಕೇಳಿದರು.

"ಸೂಜಿಯಿಂದ ಏನೂ ಆಗಲ್ಲಮ್ಮ" ಎಂದು ವೈದ್ಯೆ ತಮ್ಮ ಅರೆಗನ್ನಡದಲ್ಲಿ ಅಂದರು. "ಹಾಕದಿದ್ರೆ ಇಬ್ಬರೂ ಉಳಿಯಲ್ಲ."

ಗಾಯದ ಸುತ್ತ ಒಂದು ಬಗೆಯ ಸೂಜಿ, ತೋಳಿಗೆ ಇನ್ನೊಂದು. ಉಳಿದವನ್ನು ಚೀಟಿಯಲ್ಲಿ ಬರೆದುಕೊಟ್ಟ ದಿನಗಳಂದು ಬಂದು ಹಾಕಿಸಿಕೊಳ್ಳಬೇಕು, ಒಂದೂ ತಪ್ಪಬಾರದು. ಹೊರಡುವ ಮುಂಚೆ ವೈದ್ಯೆ ಕೇಳಿದರು, "ಇಂಟ್ಲೋ ಇಂಕೆವರಿನೈನಾ ಕರಿಚಿಂದಾ?" ಮನೆಯಲ್ಲಿ ಇನ್ನು ಯಾರನ್ನಾದರೂ ಕಚ್ಚಿದೆಯೇ ಎಂದು. ಗಂಡ ಇಲ್ಲವೆಂದ. ಅದನ್ನು ಅದುಮಿ ಹಿಡಿದಾಗ ಉಗುರು ತರಚಿತ್ತೆಂದು ಅವನಿಗೂ ಸೂಜಿ ಹಾಕಿದರು. ಅತ್ತೆಯ ಕಡೆ ನೋಡಿದರು. ಅತ್ತೆ ಸೆರಗಿನೊಳಗೆ ಕೈ ಇಟ್ಟುಕೊಂಡು ಇಲ್ಲವೆಂದು ತಲೆಯಾಡಿಸಿದರು.

ಅಂಗಡಿ ಮುಚ್ಚಿತ್ತು. ಗೋಡೌನಿನ ಬಾಗಿಲ ಹಿಂದೆ ಅದು ಇನ್ನೂ ಇತ್ತು. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವಾಗ ಅದು ಮೂಟೆಗಳಿಗೆ ಮೈ ಬಡಿಯುವುದು ಕೇಳುತ್ತಿತ್ತು. ಕೆಲವೊಮ್ಮೆ ಬಾಗಿಲ ಕೆಳಗಿನ ಸಂದಿಯಲ್ಲಿ ನೆರಳು ಬಂದು ನಿಲ್ಲುತ್ತಿತ್ತು. ನಾವು ಮೂವರೂ ಆಗ ಕೈಯಲ್ಲಿದ್ದದ್ದನ್ನು ಬಿಟ್ಟು ಅದನ್ನೇ ನೋಡುತ್ತಿದ್ದೆವು. ಪಶುವೈದ್ಯರು ಬಂದು ಕಿಟಕಿಯಿಂದಲೇ ನೋಡಿ, "ತೆಗೀಬ್ಯಾಡ್ರಿ, ತಾನಾಗೇ ಮುಗೀತೈತಿ" ಅಂದು ಹೋದರು. ದನಿ ಮೊದಲು ಸಣ್ಣದಾಯಿತು, ಆಮೇಲೆ ನಿಂತಿತು. ನಿಂತ ಮೇಲೂ ಇಡೀ ಒಂದು ದಿನ ಬಾಗಿಲು ತೆಗೆಯುವ ಧೈರ್ಯ ನಮಗಾಗಲಿಲ್ಲ. ಊರಾಚೆ ಆಳವಾದ ಗುಂಡಿ ತೋಡಿಸಿ, ಬ್ಲೀಚಿಂಗ್ ಪುಡಿ ಸುರಿದು ಮುಚ್ಚಿದರು. ಬಾಯಿ ಬಿಚ್ಚಿದ ಮೂಟೆಗಳೂ ಅದರ ಜೊತೆಗೇ ಹೋದವು.

ಉಳಿದ ಮೂರು ಮರಿಗಳನ್ನು ಏನು ಮಾಡುವುದೆಂದು ಮೊದಲ ದಿನವೇ ಗಂಡ ದವಾಖಾನೆಗೆ ಹೋಗಿ ಪಶುವೈದ್ಯರನ್ನು ಕೇಳಿದ್ದ. "ನಾನೇನೂ ಗ್ಯಾರಂಟಿ ಹೇಳಂಗಿಲ್ರಿ. ಬಸುರಿ ಇರೋ ಮನಿ. ನನ್ನ ಕೇಳಿದ್ರ ಇವತ್ತ ಮುಗಿಸಿಬಿಡೋದು ಒಳ್ಳೇದು" ಅಂದರು. ಗಂಡ ತಲೆ ತಗ್ಗಿಸಿ ಕೇಳಿಸಿಕೊಂಡ. ಮನೆಗೆ ಬಂದವನು ಟೊಮೆಟೊ ತರುವ ಪ್ಲಾಸ್ಟಿಕ್ ಕ್ರೇಟಿಗೆ ತಂತಿ ಬಲೆಯ ಮುಚ್ಚಳ ಮಾಡಿ ಮರಿಗಳನ್ನು ಅದರೊಳಗೆ ಬಿಟ್ಟು ಮಾಳಿಗೆಯ ಮೇಲೆ ನೀರಿನ ಟ್ಯಾಂಕಿನ ನೆರಳಲ್ಲಿಟ್ಟ. ನನಗೂ ಅತ್ತೆಗೂ ಮಾಳಿಗೆ ಹತ್ತುವುದು ನಿಷಿದ್ಧವಾಯಿತು.

ಬೆಕ್ಕಿನ ಕೂದಲಿಗೆ ಸೀನುವ ಆ ಮನುಷ್ಯ ದಪ್ಪ ಕೈಗವಸು ಹಾಕಿಕೊಂಡು, ಸೂಜಿ ತೆಗೆದ ಸಿರಿಂಜಿನಲ್ಲಿ ಹಾಲು ಎಳೆದು ಒಂದೊಂದಕ್ಕೇ ಕುಡಿಸುತ್ತಿದ್ದ. ಕೆಳಗೆ ಕೂತ ನನಗೆ ಅವನ ಸೀನು ಕೇಳುತ್ತಿತ್ತು. ಮರಿಗಳ ಚೀರಾಟವೂ ಕೇಳುತ್ತಿತ್ತು. ಬೂದು ಮರಿಗಳೆರಡೂ ತಾಯಿಯ ಹಾಲಿಲ್ಲದೆ ಸೊರಗಿ ಒಂದರ ಹಿಂದೆ ಒಂದು ಸತ್ತವು. ಕರಿಯದು ಮಾತ್ರ ಚೇತರಿಸಿಕೊಂಡಿತು. ಕ್ರೇಟಿನ ಗೋಡೆ ಹತ್ತಲು ನೋಡುವುದನ್ನು ಗಂಡ ಮೊಬೈಲಿನಲ್ಲಿ ಹಿಡಿದು ತಂದು ತೋರಿಸುತ್ತಿದ್ದ. "ಇದು ಉಳಿತೈತಿ ನೋಡು" ಅನ್ನುತ್ತಿದ್ದ. ಅದು ಉಳಿದರೆ ನಾನೂ ಉಳಿಯುತ್ತೇನೆ ಅನ್ನುವಂಥ ಒಂದು ಹುಚ್ಚು ನಂಬಿಕೆ ನನ್ನಲ್ಲಿ ಬೆಳೆಯುತ್ತಿತ್ತು. ಅವನಲ್ಲೂ ಬೆಳೆದಿತ್ತು ಅಂತ ಕಾಣುತ್ತದೆ.

ಒಂದು ಸಂಜೆ ಅವನು ಮಾಳಿಗೆಯಿಂದ ಬೇಗ ಇಳಿದು ಬಂದ. ಕೈಗವಸಿನ ಬೆರಳ ತುದಿ ಹರಿದಿತ್ತು.

"ಕಚ್ಚಿ ಹಿಡಕೊಂಡು ಬಿಡವಲ್ದು. ಹಿಂದಿನ ಕಾಲು ಎಳಿಯಾಕ ಹತ್ತೈತಿ" ಅಂದ.

"ನಿಮ್ಮ ಕೈಗೆ?"

"ಒಳಗ ತಾಗಿಲ್ಲ."

ಆದರೂ ಮೊದಲು ಸೋಪು ಹಚ್ಚಿ ಬೆರಳು ಬೆರಳು ನೋಡಿಕೊಂಡ. ಆಮೇಲೆ ಕ್ರೇಟನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ದನದ ದವಾಖಾನೆಗೆ ಹೋದ. ಖಾಲಿ ಕ್ರೇಟಿನೊಂದಿಗೆ ಬಂದ. ಅಂಗಳದಲ್ಲಿ ಅದನ್ನು ತೊಳೆಯುವಾಗ ಅವನ ಬೆನ್ನು ಅಲುಗುತ್ತಿದ್ದುದನ್ನು ಕಿಟಕಿಯಿಂದ ನೋಡಿದೆ. ಹೊರಗೆ ಹೋಗಲಿಲ್ಲ.

ಈ ದಿನಗಳಲ್ಲೇ ಅತ್ತೆ ನನ್ನಿಂದ ದೂರವಾದದ್ದು. ಪ್ರತಿ ಶುಕ್ರವಾರ ನನ್ನ ತಲೆಗೆ ಎಣ್ಣೆ ಹಾಕುತ್ತಿದ್ದವರು ನಿಲ್ಲಿಸಿಬಿಟ್ಟರು. ನನಗೆ ಬಡಿಸುವುದನ್ನೂ ಬಿಟ್ಟರು. ಅನ್ನದ ಪಾತ್ರೆ ಮುಂದೆ ತಳ್ಳಿ, "ಹಾಕ್ಕೊಳ್ಳವ್ವ" ಎಂದು ಎದ್ದು ಹೋಗುತ್ತಿದ್ದರು. ತಮ್ಮ ತಟ್ಟೆ, ಲೋಟ ಬೇರೆ ಇಟ್ಟರು. ಓಣಿಯಲ್ಲಿ ಕೂಸು ಎರೆಯಲು ಕರೆದರೆ ಸೊಂಟ ನೋವೆಂದರು. ನಾನು ಹತ್ತಿರ ಹೋದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಬೆಕ್ಕು ಕಚ್ಚಿದ್ದು ನನ್ನನ್ನು. ಅವರು ನನಗೇ ಹೆದರುತ್ತಿದ್ದಾರೆ ಎಂದುಕೊಂಡೆ. ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಂಡರೆ ನನಗೂ ಹೆದರಿಕೆಯಾಗುತ್ತಿತ್ತು. ಇವಳೊಳಗೆ ಏನಿದೆಯೋ ಅನ್ನಿಸುತ್ತಿತ್ತು.

ಮುಂದಕ್ಕೆ ಹಾಕಿದ್ದ ಕುಬುಸದ ಶಾಸ್ತ್ರವನ್ನು ಕೊನೆಗೆ ಮಾಡಿದರು. ಬಸುರಿಗೆ ಹಸಿರು ಸೀರೆ, ಹಸಿರು ಬಳೆ ಇಟ್ಟು ಉಡಿ ತುಂಬಿ ತವರಿಗೆ ಕಳಿಸುವ ಶಾಸ್ತ್ರ. ಊರಿಂದ ಅಮ್ಮ ಬಂದಿದ್ದಳು. ಪಕ್ಕದ ಮನೆಯ ಹೆಂಗಸರು ಬಂದಿದ್ದರು. ಗಂಡನಿಲ್ಲದವರು ಶಾಸ್ತ್ರಕ್ಕೆ ಕೈ ಹಾಕಬಾರದೆಂಬ ಕಟ್ಟು ನಮ್ಮ ಮನೆಯಲ್ಲಿರಲಿಲ್ಲ; ಬಳೆ ತೊಡಿಸಬೇಕಾದವರು, ಮೊದಲ ತುತ್ತು ತಿನ್ನಿಸಬೇಕಾದವರು ಅತ್ತೆ. ಅವರು ಅಡುಗೆಮನೆಯ ಬಾಗಿಲು ದಾಟಿ ಈಚೆ ಬರಲಿಲ್ಲ. ಅಲ್ಲಿಂದಲೇ ಪಕ್ಕದ ಮನೆಯವರಿಗೆ "ನೀವ ಹಾಕ್ರಿ" ಅಂದರು.

ಅಮ್ಮ ನನ್ನನ್ನು ಮೂಲೆಗೆ ಎಳೆದಳು. "ಯಾಕವ್ವ, ನಿಮ್ಮತ್ತೆ ಹತ್ರುಕ್ಕೇ ಬರ್ಲಿಲ್ವಲ್ಲ? ನನ್ ಮಗಳೇನು ಮೈಲಿಗೆ ಆಗವ್ಳಾ?"

"ಸುಮ್ಕಿರಮ್ಮ" ಅಂದೆ. ಆದರೆ ನನ್ನ ಕಣ್ಣೇ ತುಂಬಿತ್ತು. ಜನ ಹೋದ ಮೇಲೆ ಅಡುಗೆಮನೆಗೆ ಹೋದೆ. ಅತ್ತೆ ಒಲೆಯ ಮುಂದೆ ಒಬ್ಬರೇ ಕೂತು ಎಡಗೈ ಹೆಬ್ಬೆರಳನ್ನು ಸೆರಗಿನಿಂದ ತಿಕ್ಕುತ್ತಿದ್ದರು. ತಿಕ್ಕಿ ತಿಕ್ಕಿ ಚರ್ಮ ಕೆಂಪಾಗಿತ್ತು. ನಡುವೆ ಸುಣ್ಣ ಸುಟ್ಟ ಬಿಳಿ ಕಲೆ, ಕಲೆಯ ಎರಡು ಪಕ್ಕ ಎರಡು ಚುಕ್ಕೆ. ನನ್ನ ಮುಂಗೈ ಮೇಲೂ ಅಂಥವೇ ಚುಕ್ಕೆಗಳಿದ್ದವು.

"ಅತ್ತೆ, ಇದು ಈಳಿಗೆ ಗಾಯ ಅಲ್ಲ."

ಅವರು ಕೈ ಮುಚ್ಚಿಕೊಂಡರು. ನಾನು ಹತ್ತಿರ ಹೋಗಲು, "ಮುಟ್ಟಬ್ಯಾಡ!" ಎಂದು ಕೂಗಿದರು. ಆಮೇಲೆ ದನಿ ತಗ್ಗಿಸಿ, "ಮುಟ್ಟಬ್ಯಾಡ ನನ್ನವ್ವ. ನಿನ್ನ ಹೊಟ್ಟ್ಯಾಗ ಕೂಸೈತಿ" ಅಂದರು.

"ಯಾವಾಗ ಕಚ್ಚಿದ್ದು?"

"ನಿನಗಿಂತ ಮೊದ್ಲ. ಮೂಟಿ ಹಿಂದಿಂದ ತಗದು ಬುಟ್ಟ್ಯಾಗ ಬಿಡಾಕ ಹೋದೆ. ಬಾಣಂತಿ ಸಿಟ್ಟು ಅಂತ ತಿಳ್ಕೊಂಡೆ. ಮುಂದ ನಿನಗ ಕಚ್ಚಿದ ದಿನ ಗೊತ್ತಾತು."

"ಆಸ್ಪತ್ರೆಲಿ ಡಾಕ್ಟ್ರು ಕೇಳುದ್ರಲ್ಲ. ಯಾಕೆ ಹೇಳ್ಲಿಲ್ಲ?"

ಅವರು ಸಣ್ಣವರಿದ್ದಾಗ ಅವರಣ್ಣನಿಗೆ ನಾಯಿ ಕಚ್ಚಿತ್ತಂತೆ. ಅದನ್ನು ನನಗೆ ಅವತ್ತೇ ಮೊದಲು ಹೇಳಿದ್ದು.

"ನೀರು ಕಂಡ್ರ ಚೀರ್ತಿದ್ದ. ಕೋಣಿಯಾಗ ಹಾಕಿ ಚಿಲಕ ಹಾಕಿದ್ರು. ನಮ್ಮವ್ವ ಬಾಗಲಾಗ ಕುಂತು ಅಳ್ತಿದ್ಲು, ತಗೀಲಿಲ್ಲ. ಅಂವ ಒಳಗಿಂದ ನನ್ನ ಹೆಸರು ಹಿಡದು ಕರೀತಿದ್ದ. ಆ ಬೆಕ್ಕಿನ್ನ ಗೋಡೌನ್ಯಾಗ ಹಾಕಿದಾಗ ನನಗ ಅದ ಕೇಳಾಕ ಹತ್ತಿತ್ತು. ನಾನು ಹೇಳಿದ್ರ ನನ್ನೂ ಒಳಗ ಹಾಕ್ತೀರಿ ಅಂತ." ಹೆಬ್ಬೆರಳು ತೋರಿಸಿದರು. "ಈಗ ಕೆಲವು ದಿನದಿಂದ ಇಲ್ಲಿ ಜುಮ್ ಅಂತೈತಿ."

ನಾನು ಅವರ ಮಾತು ಕೇಳಲಿಲ್ಲ. ಆ ಕೈಯನ್ನೇ ಹಿಡಿದು ಎಬ್ಬಿಸಿದೆ.

ವೈದ್ಯೆ ಬೈಯಲೂ ಇಲ್ಲ. ಅದೇ ಹೆದರಿಕೆ ಹುಟ್ಟಿಸಿತು. ಸೂಜಿಗಳನ್ನು ಹಾಕಿ, ನನ್ನ ಗಂಡನನ್ನು ಪಕ್ಕಕ್ಕೆ ಕರೆದು ಮಾತಾಡಿದರು. ಮುಟ್ಟಿದರೆ, ಬಡಿಸಿದರೆ ಏನೂ ಅಂಟುವುದಿಲ್ಲ ಎಂದು ಅತ್ತೆಗೆ ಎರಡೆರಡು ಸಲ ಹೇಳಿದರು. ಜುಮ್ಮೆನ್ನುವುದು ಸುಣ್ಣ ಸುಟ್ಟ ಕಲೆಯದೂ ಇರಬಹುದು ಅಂದರು. ಇರಬಹುದು ಅಂದರು, ಅಷ್ಟೇ. ನೀರು ಕುಡಿಯುತ್ತಾರಾ ನೋಡುತ್ತಿರಿ ಎಂದದ್ದನ್ನು ಗಂಡ ಆಮೇಲೆ ನನಗೊಬ್ಬಳಿಗೆ ಹೇಳಿದ.

ಅಲ್ಲಿಂದ ನಾವು ಅವರು ನೀರು ಕುಡಿಯುವುದನ್ನೇ ಕಾಯತೊಡಗಿದೆವು. ಅವರು ತಂಬಿಗೆಗೆ ಕೈ ಹಾಕಿದರೆ ಗಂಡನ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ನಾನು ಮಡಿಸುತ್ತಿದ್ದ ಬಟ್ಟೆ ಕೈಯಲ್ಲೇ ಉಳಿಯುತ್ತಿತ್ತು. ಗಂಟಲು ಒಂದು ಸಲ ಏರಿ ಇಳಿದರೆ ನಮಗೆ ಉಸಿರು. ಅವರಿಗೆ ಅದು ಗೊತ್ತಾಗದೆ ಇರಲಿಲ್ಲ. ಒಂದು ದಿನ ತಂಬಿಗೆ ಕೆಳಗಿಟ್ಟು, ಬಾಯಿ ಅಗಲ ತೆರೆದು ತೋರಿಸಿ, "ನೋಡ್ರಿ, ನುಂಗೀನಿ" ಅಂದರು. ನಗಲಿಲ್ಲ.

ಅಮ್ಮ ನನ್ನನ್ನು ಊರಿಗೆ ಕರೆದುಕೊಂಡು ಹೊರಟಳು. ಇನ್ನೊಂದು ದಿನವೂ ಈ ಮನೆಯಲ್ಲಿ ಬೇಡ ಎಂದು ಹಟ ಹಿಡಿದಿದ್ದಳು. ಹಳ್ಳಿಯಲ್ಲಿ ಸಿಗ್ನಲ್ಲು ಸಿಗುವುದು ಮಾಳಿಗೆಯ ಒಂದು ಮೂಲೆಯಲ್ಲಿ. ಹೊಟ್ಟೆ ಹೊತ್ತು ಮೆಟ್ಟಿಲು ಹತ್ತಿ ಬೆಳಗ್ಗೆ ಸಂಜೆ ಫೋನು ಮಾಡುತ್ತಿದ್ದೆ. ಹೇಗಿದ್ದೀಯ ಎಂದು ಇಬ್ಬರೂ ಕೇಳುತ್ತಿರಲಿಲ್ಲ.

"ನೀರು?"

"ಕುಡದ್ಲು."

ಕೆಲವು ಸಲ ಅತ್ತೆಯೇ ವಿಡಿಯೊ ಕರೆಯಲ್ಲಿ ಬರುತ್ತಿದ್ದರು. ಮಾತಿಲ್ಲ. ತಂಬಿಗೆ ಎತ್ತಿ, ನನ್ನನ್ನೇ ನೋಡುತ್ತ, ಕೊನೆಯ ಹನಿಯವರೆಗೆ ಕುಡಿದು, ಬೋರಲು ಹಾಕಿ ತೋರಿಸಿ ಹೋಗುತ್ತಿದ್ದರು.

ಆಮೇಲೆ ಒಂದು ದಿನ ಬೆಳಗ್ಗೆ ಯಾರೂ ಫೋನು ಎತ್ತಲಿಲ್ಲ. ಮಧ್ಯಾಹ್ನವೂ ಇಲ್ಲ. ಮಾಳಿಗೆಯ ಕಲ್ಲು ಕಾದು ಅಂಗಾಲು ಸುಡುತ್ತಿತ್ತು. ನಾನು ಕೆಳಗಿಳಿಯಲಿಲ್ಲ. ಅಮ್ಮ ಕೊಡೆ ಹಿಡಿದು ಪಕ್ಕದಲ್ಲಿ ನಿಂತಳು. ಸಂಜೆಗೆ ಗಂಡನ ದನಿ ಕೇಳಿತು.

"ಬೆಳಗಿಂದ ನೀರು ಬ್ಯಾಡ ಅನ್ನಾಕ ಹತ್ಯಾಳ. ಗಂಟಲು ಹಿಡದೈತಂತ. ಆಸ್ಪತ್ರಿಯಾಗ ಅದೀವಿ."

"ಡಾಕ್ಟ್ರು ಏನಂದ್ರು?"

"ಏನೂ ಅಂದಿಲ್ಲ. ಒಂದು ಕೋಣಿಯಾಗ ಬ್ಯಾರೆ ಮಲಗಿಸ್ಯಾರ."

"ಬಾಗ್ಲು?"

ಅವನಿಗೆ ನಾನು ಕೇಳಿದ್ದು ಅರ್ಥವಾಯಿತು. "ತಗದೈತಿ. ನಾನು ಬಾಗಲಾಗ ಕುಂತೀನಿ. ಮುಚ್ಚಾಕ ಬಿಡಂಗಿಲ್ಲ."

ಆ ರಾತ್ರಿ, ಅದರ ಮರುದಿನ ನಾನು ಏನು ಉಂಡೆ, ಎಲ್ಲಿ ಮಲಗಿದೆ ನೆನಪಿಲ್ಲ. ಮೂರನೆಯ ದಿನ ಗಂಡ ಫೋನು ಮಾಡಿ ಅತ್ತುಬಿಟ್ಟ. ಅದು ಗಂಟಲಿನ ಬಾವೇ ಆಗಿತ್ತು. ಔಷಧಿಗೆ ಇಳಿದಿತ್ತು. ಅತ್ತೆ ಆಸ್ಪತ್ರೆಯ ಸ್ಟೀಲು ಲೋಟದಲ್ಲಿ ನೀರು ಕೇಳಿ ಕುಡಿದಿದ್ದರು.

ಅದಾದ ಮುಂದಿನ ವಾರ ಮಡಕಶಿರಾದ ಆಸ್ಪತ್ರೆಯಲ್ಲಿ ನನಗೆ ಹೆಣ್ಣು ಮಗು ಹುಟ್ಟಿತು. ಅತ್ತೆ ಮಗನ ಜೊತೆ ಬಸ್ಸಿನಲ್ಲಿ ಬಂದರು. ವಾರ್ಡಿನ ಬಾಗಿಲಲ್ಲೇ ನಿಂತು ನೋಡಿದರು. ಹತ್ತಿರ ಬನ್ನಿ ಅಂದೆ. "ಈಗ ಬ್ಯಾಡ. ಬೆಕ್ಕು ಕಚ್ಚಿ ವರ್ಷ ತುಂಬ್ಲಿ" ಅಂದರು. ವೈದ್ಯೆ ಹೇಳಿದ್ದನ್ನು ನೆನಪಿಸಿದರೂ ಬರಲಿಲ್ಲ. ಓಣಿಯ ಎಷ್ಟೋ ಕೂಸುಗಳನ್ನು ಕಾಲ ಮೇಲೆ ಹಾಕಿಕೊಂಡು ಎರೆದವರು ತಮ್ಮ ಮೊಮ್ಮಗಳನ್ನು ಹೊಸ್ತಿಲ ಆಚೆಯಿಂದಲೇ ಮಾತಾಡಿಸಿ ಹೋದರು.

ನಾನು ರಾಯದುರ್ಗಕ್ಕೆ ಬಂದ ಮೇಲೂ ಹಾಗೇ ನಡೆಯಿತು. ಮಗು ಕವುಚಿತು, ಅಂಬೆಗಾಲಿಟ್ಟಿತು. ಅತ್ತೆಯ ಸೀರೆ ಹಿಡಿಯಲು ಹೋದಾಗಲೆಲ್ಲ ಅವರು ಎದ್ದು ಹೋಗುತ್ತಿದ್ದರು. ಮಗು ಅದನ್ನು ಆಟವೆಂದುಕೊಂಡು ಕೇಕೆ ಹಾಕಿ ಹಿಂಬಾಲಿಸುತ್ತಿತ್ತು.

ಬೆಕ್ಕು ಕಚ್ಚಿ ವರ್ಷ ಕಳೆದ ಮೇಲೆ ಒಂದು ಬೆಳಗ್ಗೆ ಅವರು ತಾವೇ ಎಣ್ಣೆ ಬಿಸಿ ಮಾಡಿ ತಂದರು. ಬಚ್ಚಲಲ್ಲಿ ಕಾಲು ಚಾಚಿ ಕೂತು, "ತಾ ಇಲ್ಲಿ" ಅಂದರು.

ವೈದ್ಯೆ ಹೇಳಿದ್ದೆಲ್ಲ ನನಗೆ ಗೊತ್ತಿತ್ತು. ಆದರೂ ಮಗುವನ್ನು ಹಿಡಿದ ನನ್ನ ಕೈ ಮುಂದೆ ಹೋಗಲಿಲ್ಲ. ಬಹಳ ಹೊತ್ತಲ್ಲ. ಆದರೆ ಅವರು ಅದನ್ನು ಕಂಡರು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮಗುವನ್ನು ಕೊಟ್ಟೆ. ಅವರು ಅದನ್ನು ಕಾಲ ಮೇಲೆ ಬೋರಲು ಮಲಗಿಸಿ, ಆ ದೊಡ್ಡ ಅಂಗೈಯಿಂದ ಬೆನ್ನಿಗೆ ಎಣ್ಣೆ ತಿಕ್ಕತೊಡಗಿದರು. ಮಗು ಅಳಲಿಲ್ಲ. ಅವರೇ ಅಳುತ್ತಿದ್ದರು. ನಾನು ಬಚ್ಚಲ ಬಾಗಿಲಲ್ಲಿ ನಿಂತು, ಅವರು ಚೊಂಬಿನಿಂದ ನೀರು ಹೊಯ್ಯುವುದನ್ನು ಕಣ್ಣು ತೆಗೆಯದೆ ನೋಡಿದೆ.